ಕರೆದವನ ಹೊಣೆ

ಮನುಷ್ಯರು ಒಂದೆಡೆ ಕಲೆಯುವ ಬಗೆಗಳಲ್ಲಿ ಎರಡು ಮುಖ್ಯವಾದುವು. ಮೊದಲನೆಯದು ಜಾತ್ರೆ. ಅದರ ತಿಥಿವಾರಗಳು ಪಂಚಾಂಗದಲ್ಲಿಯೇ ಗೊತ್ತಾಗಿರುವುವು. ದಾರಿ ತಲೆಮಾರುಗಳಿಂದ ಸವೆದದ್ದು. ಬರುವವನು ತನ್ನ ಇಷ್ಟದಿಂದ ಬಂದು, ತನ್ನ ಬುತ್ತಿಯನ್ನು ತಾನು ಉಂಡು, ತನ್ನ ಇಷ್ಟದಿಂದ ಹಿಂದಿರುಗುವನು. ಇಂಥವನು ನನ್ನನ್ನು ಕರೆದನೆಂದು ಅಲ್ಲಿ ಯಾರೂ ಹೇಳುವಂತಿಲ್ಲ. ಎರಡನೆಯದು ಕರೆದು ಕೂಡಿಸುವ ಕೂಟ. ಮದುವೆ, ಗೋಷ್ಠಿ, ಹಳೆಯ ವಿದ್ಯಾರ್ಥಿಗಳ ಸಮ್ಮೇಳನ ಮೊದಲಾದುವು ಈ ಬಗೆಗೆ ಸೇರಿದುವು. ಇಲ್ಲಿ ಒಬ್ಬನು ದಿನವನ್ನು ಗೊತ್ತುಮಾಡುತ್ತಾನೆ, ಸ್ಥಳವನ್ನು ಹೇಳುತ್ತಾನೆ, ಬನ್ನಿರೆಂದು ಬರೆಯುತ್ತಾನೆ. ಆ ಮಾತನ್ನು ನಂಬಿ ಹತ್ತಾರು ಮಂದಿ ಮನೆಯಿಂದ ಹೊರಡುತ್ತಾರೆ. ಹಾಗೆ ಹೊರಟವರ ವಿಷಯದಲ್ಲಿ ಕರೆದವನ ಹೊಣೆ ಎಷ್ಟರಮಟ್ಟಿನದು ಎಂಬುದು ಈ ಲೇಖನದಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಮದುವೆಯ ವಿಷಯದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ನಂಟರಿಷ್ಟರು ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಬರುತ್ತಾರೆ. ದಾರಿಯ ಭಾರವನ್ನು ಅದನ್ನೇ ಉದ್ಯೋಗವಾಗುಳ್ಳವರು ಹೊತ್ತಿರುತ್ತಾರೆ. ಆದರೆ ಬಂದು ಸೇರುವುದೇ ಅಪಾಯದ ಕೆಲಸವಾಗಿರುವ ಒಂದು ಬಗೆಯ ಕೂಟವು ಈಚಿನ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ರೂಢಿಗೆ ಬಂದಿದೆ. ಅದೇ ಮೋಟಾರು ಸೈಕಲ್ಲಿನ ಅಭಿಮಾನಿಗಳ ಸಮ್ಮೇಳನ. ದೂರದೂರದ ಊರುಗಳಲ್ಲಿ ಚದುರಿರುವ ಸವಾರರು ಒಬ್ಬನ ಕರೆಯನ್ನು ಕೇಳಿ, ತಮ್ಮ ತಮ್ಮ ವಾಹನಗಳನ್ನೇರಿ, ಒಂದೆಡೆಗೆ ಬಂದು ಸೇರುತ್ತಾರೆ. ಇದನ್ನು ಹುಡುಗಾಟವೆಂದು ತಳ್ಳಿಹಾಕುವ ಹಿರಿಯರು ಇರಬಹುದು. ಆದರೆ ನಮ್ಮ ಮನೆಗಳ ಮಕ್ಕಳೇ ಇವುಗಳಿಗೆ ಹೋಗುತ್ತಿರುವರಾದ ಕಾರಣ ವಿಷಯವು ವಿಚಾರಕ್ಕೆ ತಕ್ಕದ್ದೇ ಆಗಿದೆ.

ಇಂಥ ಕೂಟಗಳು ಬೆಂಗಳೂರಿನ ಹೊರವಲಯಗಳಲ್ಲಿ ಹೆಚ್ಚಾಗಿ ಬೆಳೆದಿರುವುದಕ್ಕೆ ಕಾರಣವುಂಟು. ಪೂರ್ವದ ವೈಟ್‌ಫೀಲ್ಡು ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಸಾಗುವಳಿಗಾಗಿ ಹುಟ್ಟಿದ ಹಳ್ಳಿ. ಇಂದು ಅದು ಗಣಕಯಂತ್ರದ ಉದ್ಯೋಗಿಗಳಿಂದ ತುಂಬಿದೆ. ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯು ಆರ್. ಕೆ. ಬಾಳಿಗರ ಕಲ್ಪನೆಯಂತೆ, ೧೯೭೦ರ ದಶಕದ ಕೊನೆಯಲ್ಲಿ, ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯಿಂದ ಆರಂಭವಾಯಿತು. ವಾಯವ್ಯದ ಪೀಣ್ಯದಲ್ಲಿ ಲೇತುಗಳೂ ಎರಕದ ಮನೆಗಳೂ ಸಾವಿರಗಟ್ಟಲೆ ಸಣ್ಣ ಕಾರ್ಖಾನೆಗಳೂ ಇವೆ. ಈ ಮೂರು ಕಡೆಗಳಲ್ಲಿಯೂ ದುಡಿಯುವವರಲ್ಲಿ ಬಹುಮಂದಿ ಹೊರಗಿನಿಂದ ಬಂದವರು. ಕಲಬುರಗಿಯವನ ನೆರೆಯಲ್ಲಿ ಕಾಸರಗೋಡಿನವನು ವಾಸವಾಗಿದ್ದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ಪೀಣ್ಯದ ಕುಶಲಕರ್ಮಿಯೂ ವೈಟ್‌ಫೀಲ್ಡಿನ ಇಂಜಿನಿಯರನೂ ಒಂದೇ ಮೇಜಿನ ಮುಂದೆ ಕಾಫಿ ಕುಡಿಯುವ ಸಂದರ್ಭ ಬೇರೆಲ್ಲಿಯೂ ಒದಗುವುದಿಲ್ಲ. ಒಂದು ಯಂತ್ರದ ಮೇಲಣ ಪ್ರೀತಿ ಅವರನ್ನು ಹತ್ತಿರಕ್ಕೆ ತರುವುದಾದರೆ ಅದನ್ನು ಹಗುರವಾಗಿ ಎಣಿಸಬಾರದು.

ಇದಕ್ಕೆ ಒಳ್ಳೆಯ ನಿದರ್ಶನ ನಮ್ಮ ಮೈಸೂರಿನದೇ ಆಗಿದೆ. ೧೯೬೦ರ ದಶಕದ ಆದಿಯಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯ ದೇಶದ ಜಾವಾ ಮೋಟಾರು ಸೈಕಲ್ಲನ್ನು ಇಲ್ಲಿಯೇ ತಯಾರಿಸತೊಡಗಿತು. ೧೯೭೦ರ ದಶಕದಲ್ಲಿ ಅದರ ಹೆಸರು ಯೆಜ್ದಿ ಎಂದಾಯಿತು. ಇಂಜಿನನ್ನು ಒದ್ದು ಹೊತ್ತಿಸುವ ಸನ್ನೆಯೇ ಗೇರು ಬದಲಾಯಿಸುವ ಸನ್ನೆಯೂ ಆಗಿದ್ದ ಆ ವಾಹನವನ್ನು ಹಿರಿಯ ವಾಚಕರು ಮರೆತಿರಲಾರರು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಬಿಡಿಭಾಗಗಳು ಅಂಗಡಿಯಲ್ಲಿ ಸಿಕ್ಕುವುದು ದುರ್ಲಭವಾದಾಗ ಒಡೆಯರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಬೇಕಾಯಿತು. ಒಬ್ಬನ ಹಿತ್ತಿಲಿನಲ್ಲಿ ಬಿದ್ದಿದ್ದ ಕಾರ್ಬುರೇಟರು ಇನ್ನೊಬ್ಬನ ವಾಹನಕ್ಕೆ ಜೀವವನ್ನು ಕೊಟ್ಟಿತು. ಅವಶ್ಯಕತೆಯಿಂದ ಹುಟ್ಟಿದ ಪರಿಚಯವು ಕಾಲಕ್ರಮದಲ್ಲಿ ಸ್ನೇಹವಾಯಿತು. ಈಗ ಪ್ರತಿವರ್ಷವೂ ಜುಲೈ ತಿಂಗಳಿನ ಎರಡನೆಯ ಭಾನುವಾರವನ್ನು ಜಾವಾ-ಯೆಜ್ದಿ ದಿನವೆಂದು ಬೆಂಗಳೂರಿನಲ್ಲಿಯೂ ಇತರ ಊರುಗಳಲ್ಲಿಯೂ ಆಚರಿಸುತ್ತಾರೆ. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ದಿ, ಹೊಸ ಕಂಪೆನಿಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದುವು. ಆದರೆ ಕಾರ್ಖಾನೆಯೇ ಇಲ್ಲದಿದ್ದ ಇಪ್ಪತ್ತಕ್ಕೂ ಮಿಕ್ಕ ವರ್ಷಗಳಲ್ಲಿ ಆ ಹೆಸರುಗಳನ್ನು ಉಳಿಸಿದವರು ಹೀಗೆ ಸೇರುತ್ತಿದ್ದ ಜನರೇ ಎನ್ನಬೇಕು.

ಕೂಟದಿಂದ ಒಳ್ಳೆಯದಾಗುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇನ್ನು ಹೊಣೆಯ ಮಾತು. ಇಂಥ ಕೂಟಗಳ ಆಹ್ವಾನಪತ್ರಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ: ಬರುವವರು ತಮ್ಮ ತಮ್ಮ ಹೊಣೆಯ ಮೇಲೆ ಬರತಕ್ಕದ್ದು, ದಾರಿಯಲ್ಲಿ ನಡೆಯುವುದಕ್ಕೆ ಕರೆದವರು ಜವಾಬ್ದಾರರಲ್ಲ ಎಂದು ಅದರ ತಾತ್ಪರ್ಯ. ಕರೆದವನು ಈ ವಾಕ್ಯವನ್ನು ಬರೆದು ನಿಶ್ಚಿಂತನಾಗುವನು. ಬರುವವನು ಅದನ್ನು ಓದದೆಯೇ ಸಹಿ ಮಾಡುವನು. ನ್ಯಾಯಾಲಯದಲ್ಲಿ ಈ ವಾಕ್ಯಕ್ಕೆ ಎಷ್ಟು ಬೆಲೆ ಎಂಬುದನ್ನು ವಕೀಲರು ಹೇಳಲಿ. ಮನಸ್ಸಾಕ್ಷಿಯ ಮುಂದೆ ಅದಕ್ಕೆ ಎಷ್ಟು ಬೆಲೆ ಎಂಬುದನ್ನು ನಾವು ನೋಡೋಣ.

ಆ ವಾಕ್ಯದಲ್ಲಿ ಸತ್ಯವಿಲ್ಲದಿಲ್ಲ. ವೇಗದ ಹಿಡಿಕೆ ಸವಾರನ ಕೈಯಲ್ಲಿದೆ. ತಲೆಗೆ ಶಿರಸ್ತ್ರಾಣವನ್ನು ಇಡುವವನೂ ಇಡದಿರುವವನೂ ಅವನೇ. ಕುಡಿದು ವಾಹನವನ್ನೇರಿದರೆ ಆ ಪಾಪ ಅವನದೇ. ಇವುಗಳ ಹೊಣೆಯನ್ನು ಕರೆದವನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಸವಾರನ ಕೈಯಲ್ಲಿಲ್ಲದ ಕೆಲವು ಸಂಗತಿಗಳುಂಟು. ಕೂಟದ ಗಂಟೆಯನ್ನು ಗೊತ್ತುಮಾಡಿದವನು ಅವನಲ್ಲ. ಸ್ಥಳವನ್ನೂ ದಾರಿಯನ್ನೂ ಆರಿಸಿದವನು ಅವನಲ್ಲ. ಗುಂಪಿನ ನಡೆಯನ್ನೂ ಬಹುಮಾನವನ್ನೂ ನಿಶ್ಚಯಿಸಿದವನು ಅವನಲ್ಲ. ಇವೆಲ್ಲ ಕರೆದವನ ಕೈಯೊಳಗಿನ ಮಾತುಗಳು. ಇವುಗಳನ್ನು ಒಂದೊಂದಾಗಿ ವಿಚಾರಿಸಿದರೆ ಹೊಣೆಯ ಎಲ್ಲೆ ತಾನಾಗಿಯೇ ಕಾಣುವುದು.

ಮೊದಲು ಗಂಟೆಯನ್ನು ತೆಗೆದುಕೊಳ್ಳೋಣ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ಎಲೆಕ್ಟ್ರಾನಿಕ್ ಸಿಟಿಯ ಬಳಿ ಸೇರತಕ್ಕದ್ದೆಂದು ಒಬ್ಬನು ಬರೆದನೆನ್ನೋಣ. ವೈಟ್‌ಫೀಲ್ಡಿನವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ, ನಸುಕಿನಲ್ಲಿ ಎದ್ದರಾಯಿತು. ಹುಬ್ಬಳ್ಳಿಯವನಿಗೆ ದಾರಿ ನಾನೂರು ಕಿಲೋಮೀಟರಿಗೂ ಮೇಲು. ಹಳೆಯ ವಾಹನವನ್ನು ಗಂಟೆಗೆ ಐವತ್ತೈದು ಅರವತ್ತರ ವೇಗದಲ್ಲಿ ನಡೆಸಿ, ನಡುನಡುವೆ ಎಣ್ಣೆಗೂ ಚಹಕ್ಕೂ ನಿಂತು ಬರುವವನು ಶನಿವಾರ ರಾತ್ರಿ ಹನ್ನೊಂದಕ್ಕೆ ಮೊದಲೇ ಮನೆ ಬಿಡಬೇಕು. ಶನಿವಾರ ಬೆಳಗ್ಗೆ ಆರಕ್ಕೆ ಎದ್ದು ದಿನವೆಲ್ಲ ದುಡಿದವನಿಗೆ ರಾತ್ರಿ ಹನ್ನೊಂದಕ್ಕೆ ಎಚ್ಚರವಾಗಿ ಹದಿನೇಳು ಗಂಟೆಗಳಾಗಿರುತ್ತವೆ. ೧೯೯೭ರಲ್ಲಿ ಪ್ರಕಟವಾದ ಡಾಸನ್ ಮತ್ತು ರೀಡ್ ಎಂಬ ವಿದ್ವಾಂಸರ ಪರಿಶೋಧನೆಯ ಪ್ರಕಾರ, ಹದಿನೇಳು ಗಂಟೆ ಎಚ್ಚರವಾಗಿದ್ದವನ ಕೈಕಣ್ಣುಗಳ ಚುರುಕು, ನೂರು ಮಿಲಿಲೀಟರು ರಕ್ತದಲ್ಲಿ ೫೦ ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆಯಾದರೆ ೧೦೦ ಮಿಲಿಗ್ರಾಮಿನ ಮಟ್ಟಕ್ಕೆ. ನಮ್ಮ ದೇಶದ ಕಾನೂನು ವಾಹನ ನಡೆಸುವವನಿಗೆ ಗೊತ್ತುಮಾಡಿರುವ ಮಿತಿ ೩೦ ಮಿಲಿಗ್ರಾಂ. ಎಂದರೆ ಒಂದು ತೊಟ್ಟನ್ನೂ ಮುಟ್ಟದ ಆ ಸಾಧುಮನುಷ್ಯನು ಹೊರಡುವಾಗಲೇ ಕುಡಿದವನಿಗೆ ಸಮಾನನು. ತುಮಕೂರನ್ನು ದಾಟುವ ಹೊತ್ತಿಗೆ ಅದರ ಇಮ್ಮಡಿ.

ಈಗ ವಾಚಕರು ವಿಚಾರಿಸಲಿ: ಆ ಸವಾರನನ್ನು ರಾತ್ರಿಯ ದಾರಿಗೆ ಇಳಿಸಿದವರು ಯಾರು? ಅವನ ಉತ್ಸಾಹವೆಂದರೆ ಸರಿಯೇ. ಆದರೆ ಕೂಟವು ಸಂಜೆ ನಾಲ್ಕಕ್ಕೆ ಇದ್ದಿದ್ದರೆ ಅದೇ ಉತ್ಸಾಹವು ಅವನನ್ನು ಹಗಲಿನಲ್ಲಿ ಕರೆತರುತ್ತಿತ್ತು. ಹತ್ತಿರದವರ ಅನುಕೂಲಕ್ಕೆ ಬರೆದ ಒಂದು ಅಂಕಿಯು ದೂರದವನ ನಿದ್ದೆಯನ್ನು ಕಸಿದುಕೊಂಡಿತು. ಬರೆದವನಿಗೆ ಇದು ತಿಳಿದಿರಲಿಲ್ಲವೆಂದರೆ, ತಿಳಿದುಕೊಳ್ಳಬೇಕಾದವನು ಅವನೇ ಆಗಿದ್ದನು. ದೂರದವರೂ ಬನ್ನಿರೆಂದು ಕರೆದಮೇಲೆ ದೂರದವನ ಗಡಿಯಾರವನ್ನು ನೋಡಿ ಗಂಟೆಯನ್ನು ಗೊತ್ತುಮಾಡಬೇಕು. ಹಿಂದಿನ ಸಂಜೆಯೇ ಬರುವವರಿಗೆ ಮಲಗಲು ಒಂದು ತಾವನ್ನಾದರೂ ತೋರಿಸಬೇಕು. ಆ ವಲಯಗಳಲ್ಲಿ ವಾಸಿಸುವ ಇಪ್ಪತ್ತು ಮಂದಿ ಸದಸ್ಯರು ಒಬ್ಬೊಬ್ಬ ಅತಿಥಿಗೆ ಒಂದು ಚಾಪೆಯನ್ನು ಹಾಸಿಕೊಟ್ಟರೆ ಇಪ್ಪತ್ತು ಮಂದಿಯ ರಾತ್ರಿಪ್ರಯಾಣ ತಪ್ಪುವುದು. ಇದಕ್ಕೆ ಹಣ ಬೇಕಾಗಿಲ್ಲ, ಮನಸ್ಸು ಸಾಕು.

ಎರಡನೆಯದು ದಾರಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ೨೦೨೩ರ ಆಗಸ್ಟ್ ೧ರಿಂದ ಮೋಟಾರು ಸೈಕಲ್ಲುಗಳಿಗೆ ಪ್ರವೇಶವನ್ನು ನಿಷೇಧಿಸಿದರು. ಮೈಸೂರಿನಲ್ಲಿ ಹುಟ್ಟಿದ ಜಾವಾ ವಾಹನವು ತನ್ನ ತವರಿಗೆ ಹೋಗಬೇಕಾದರೂ ಪಕ್ಕದ ರಸ್ತೆಯನ್ನೇ ಹಿಡಿಯಬೇಕು. ಪೀಣ್ಯದ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಊರನ್ನು ಬಳಸಿ ಹೋಗುವ ನೈಸ್ ರಸ್ತೆಯಲ್ಲಿಯೂ ೨೦೨೨ರ ಜನವರಿಯಲ್ಲಿ, ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ದ್ವಿಚಕ್ರವಾಹನಗಳನ್ನು ತಡೆಯುವ ಆಜ್ಞೆ ಹೊರಟಿತು. ಹೊಸಬನಿಗೆ ಇವೆಲ್ಲ ಹೇಗೆ ತಿಳಿಯಬೇಕು? ಅಪರಾತ್ರಿಯಲ್ಲಿ ಸುಂಕದ ಕಟ್ಟೆಯ ಬಳಿ ಹಿಂದಕ್ಕೆ ತಿರುಗಿಸಲ್ಪಟ್ಟವನು ಗೊತ್ತಿಲ್ಲದ ಗಲ್ಲಿಗಳಲ್ಲಿ ಅಲೆಯಬೇಕಾಗುವುದು. ಜುಲೈ ತಿಂಗಳೆಂದರೆ ಮಲೆನಾಡಿನಲ್ಲಿ ಮಳೆಯ ರಭಸ. ೨೦೨೪ರ ಜುಲೈಯಲ್ಲಿ ಸಕಲೇಶಪುರದ ಬಳಿ ಗುಡ್ಡ ಕುಸಿದು ಶಿರಾಡಿಘಟ್ಟದ ಸಂಚಾರವು ಮತ್ತೆ ಮತ್ತೆ ನಿಂತುಹೋಯಿತು. ಮಂಗಳೂರು, ಕಾಸರಗೋಡುಗಳಿಂದ ಬರುವವರಿಗೆ ಅದೇ ಹೆದ್ದಾರಿ. ಕರೆದವನು ಹೊರಡುವ ಮುನ್ನಾದಿನ ಘಟ್ಟದ ಸ್ಥಿತಿಯನ್ನು ವಿಚಾರಿಸಿ, ಈ ಸಲ ನೀವು ಬರಬೇಡಿರಿ, ಮುಂದಿನ ವರ್ಷ ಸೇರೋಣ ಎಂದು ಬರೆಯುವಷ್ಟು ಧೈರ್ಯವುಳ್ಳವನಾಗಿರಬೇಕು. ಕರೆಯುವ ಅಧಿಕಾರದಲ್ಲಿ ಬೇಡವೆನ್ನುವ ಅಧಿಕಾರವೂ ಅಡಗಿದೆ. ಬಂದವರ ಸಂಖ್ಯೆಯಿಂದ ಕೂಟದ ಹಿರಿಮೆಯನ್ನು ಅಳೆಯುವವನಿಗೆ ಆ ಮಾತು ಬಾಯಿಂದ ಹೊರಡುವುದು ಕಷ್ಟ.

ಮೂರನೆಯದು ಗುಂಪಿನ ನಡೆ. ಸೇರಿದಮೇಲೆ ಎಲ್ಲರೂ ಕೂಡಿ ನಂದಿಬೆಟ್ಟದ ಕಡೆಗೋ ಕೋಲಾರದ ಕಡೆಗೋ ಸವಾರಿ ಹೊರಡುವುದುಂಟು. ಗಂಟೆಗೆ ಅರವತ್ತು ಕಿಲೋಮೀಟರಿನ ವೇಗವೆಂದರೆ ಸೆಕೆಂಡಿಗೆ ಸುಮಾರು ಹದಿನೇಳು ಮೀಟರು. ಮುಂದಿನ ವಾಹನಕ್ಕೂ ತನಗೂ ನಡುವೆ ಎರಡು ಸೆಕೆಂಡಿನ ಅಂತರವಿರಬೇಕೆಂಬ ನಿಯಮವನ್ನು ಪಾಲಿಸಿದರೆ ಮೂವತ್ತು ವಾಹನಗಳ ಒಂದು ಸಾಲು ಒಂದು ಕಿಲೋಮೀಟರಿನಷ್ಟು ಉದ್ದವಾಗುತ್ತದೆ. ಮೊದಲನೆಯವನು ರಸ್ತೆಯ ಉಬ್ಬಿನ ಬಳಿ ನಿಧಾನಿಸಿ, ದಾಟಿ ಮುಂದುವರಿಯುವಾಗ ಹಿಂದಿನವರು ಇನ್ನೂ ಉಬ್ಬಿನ ಹಿಂದೆಯೇ ಇರುತ್ತಾರೆ. ಬಿಟ್ಟುಹೋದ ಅಂತರವನ್ನು ತುಂಬಲು ಒಬ್ಬೊಬ್ಬನೂ ತನ್ನ ಮುಂದಿನವನಿಗಿಂತ ಹೆಚ್ಚು ವೇಗವಾಗಿ ಓಡಿಸಬೇಕಾಗುವುದು. ಹೀಗಾಗಿ ಮುಂದಾಳು ಅರವತ್ತರಲ್ಲಿ ನೆಮ್ಮದಿಯಾಗಿ ಸಾಗುತ್ತಿರುವಾಗ ಕಟ್ಟಕಡೆಯವನು ಎಂಬತ್ತು ತೊಂಬತ್ತರಲ್ಲಿ ಧಾವಿಸುತ್ತಿರುತ್ತಾನೆ. ಕಟ್ಟಕಡೆಯವನು ಯಾರು? ಅನೇಕವೇಳೆ ಹೊಸಬ, ದಾರಿಯನ್ನರಿಯದವ, ಎಲ್ಲರಿಗಿಂತ ಹಳೆಯ ವಾಹನವುಳ್ಳವ. ಮುಂದಿರುವವನ ಸುಖದ ಬೆಲೆಯನ್ನು ಹಿಂದಿರುವವನು ತೆರುವ ಈ ವ್ಯವಸ್ಥೆಯು ಮೋಟಾರು ಸೈಕಲ್ಲುಗಳ ಸಾಲಿನಲ್ಲಿ ಮಾತ್ರವೇ ಕಾಣುವುದೆಂದು ಹೇಳಲಾಗುವುದಿಲ್ಲ. ಆದರೆ ಇಲ್ಲಿ ಅದು ಬರಿಗಣ್ಣಿಗೆ ಕಾಣುತ್ತದೆ.

ಅನುಭವಸ್ಥರು ಇದಕ್ಕೆ ಪರಿಹಾರವನ್ನು ಕಂಡುಕೊಂಡಿದ್ದಾರೆ. ಐದಾರು ಮಂದಿಯ ಚಿಕ್ಕ ಚಿಕ್ಕ ತಂಡಗಳನ್ನು ಮಾಡುವುದು. ನಿಧಾನದವನನ್ನು ಮುಂದಾಳಿನ ಬೆನ್ನಿಗೇ ಇಟ್ಟುಕೊಂಡು ಅವನ ನಡೆಯನ್ನೇ ತಂಡದ ನಡೆಯನ್ನಾಗಿ ಮಾಡುವುದು. ತಿರುವು ಬಂದಲ್ಲೆಲ್ಲ ಒಬ್ಬನು ನಿಂತು ಕೊನೆಯವನು ದಾಟಿದಮೇಲೆ ಹೊರಡುವುದು. ಕೆಟ್ಟುನಿಂತವನನ್ನು ಬಿಟ್ಟುಬರದ, ಸಲಕರಣೆಯ ಚೀಲವುಳ್ಳ ಒಬ್ಬ ನುರಿತ ಸವಾರನನ್ನು ಎಲ್ಲರ ಹಿಂದೆ ನಿಯಮಿಸುವುದು. ಈ ಕೊನೆಯ ಕೆಲಸಕ್ಕೆ ಮೆರವಣಿಗೆಯ ಶೋಭೆಯಿಲ್ಲ, ಚಿತ್ರದಲ್ಲಿ ಮುಖ ಬೀಳುವುದಿಲ್ಲ. ಕರೆದವನು ತಾನೇ ಆ ಸ್ಥಾನವನ್ನು ವಹಿಸಿಕೊಳ್ಳುವುದಾದರೆ ಕೂಟದ ಸ್ವಭಾವವೇ ಬದಲಾಗುವುದು.

ನಾಲ್ಕನೆಯದು ಬಹುಮಾನ. ಅತ್ಯಂತ ದೂರದಿಂದ ಬಂದವನಿಗೆ ಹಾರ, ಫಲಕ, ಚಪ್ಪಾಳೆ ಸಲ್ಲಿಸುವ ಪದ್ಧತಿ ಹಲವೆಡೆ ಇದೆ. ಭಾವನೆ ಒಳ್ಳೆಯದು, ಅತಿಥಿಯ ಶ್ರಮವನ್ನು ಗುರುತಿಸುವುದು ನಮ್ಮ ಸಂಪ್ರದಾಯವೇ. ಆದರೆ ಫಲವನ್ನು ನೋಡಬೇಕು. ಇಪ್ಪತ್ತೆರಡರ ಹುಡುಗನೊಬ್ಬನು ಆ ಚಪ್ಪಾಳೆಯನ್ನು ಕೇಳಿ, ಮುಂದಿನ ವರ್ಷ ಬೀದರಿನಿಂದ ಒಂದೇ ಓಟದಲ್ಲಿ ಬರುವೆನೆಂದು ಮನಸ್ಸಿನಲ್ಲಿಯೇ ಶಪಥ ಮಾಡುತ್ತಾನೆ. ಸರ್ಕಾರದ ಲೆಕ್ಕದ ಪ್ರಕಾರ ೨೦೨೨ರಲ್ಲಿ ಭಾರತದ ರಸ್ತೆಗಳ ಮೇಲೆ ೧,೬೮,೪೯೧ ಮಂದಿ ಪ್ರಾಣವನ್ನು ಕಳೆದುಕೊಂಡರು. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಮಿಕ್ಕವರು ದ್ವಿಚಕ್ರವಾಹನಗಳ ಮೇಲೆ ಇದ್ದವರು. ಇದನ್ನು ತಿಳಿದವನು ದೂರಕ್ಕೆ ಬಹುಮಾನ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು. ದಾರಿಯಲ್ಲಿ ಕೆಟ್ಟುನಿಂತವನ ಜೊತೆಯಲ್ಲಿ ನಿಂತು ತಾನು ತಡವಾಗಿ ಬಂದವನಿಗೆ, ಆಯಾಸವಾಯಿತೆಂದು ಚಿತ್ರದುರ್ಗದಲ್ಲಿ ಮಲಗಿ ಮರುದಿನ ಬಂದವನಿಗೆ ಆ ಹಾರವನ್ನು ಹಾಕಲಿ. ಸಭೆ ಯಾವುದನ್ನು ಕೊಂಡಾಡುವುದೋ ಅದನ್ನೇ ತರುಣರು ಅನುಕರಿಸುವರು.

ಐದನೆಯದು ವೆಚ್ಚ. ಒಂದು ರಾತ್ರಿಗೆ ಸಾವಿರಾರು ರೂಪಾಯಿ ಬಾಡಿಗೆಯ ವಿಹಾರಗೃಹದಲ್ಲಿ ಕೂಟವನ್ನು ಏರ್ಪಡಿಸಿದರೆ ವೈಟ್‌ಫೀಲ್ಡಿನ ಉದ್ಯೋಗಿಗೆ ಅದು ಭಾರವೆನಿಸದು. ಪೀಣ್ಯದಲ್ಲಿ ದಿನಗೂಲಿಗೆ ಲೇತಿನ ಮುಂದೆ ನಿಲ್ಲುವವನು ಏನೋ ಒಂದು ನೆಪ ಹೇಳಿ ಹಿಂದುಳಿಯುವನು. ಕಾರಣವನ್ನು ಅವನು ಹೇಳುವುದಿಲ್ಲ, ಕೇಳಿದರೂ ಹೇಳನು. ಹಳೆಯ ಇಂಜಿನಿನ ಸಿಲಿಂಡರನ್ನು ಕೊರೆದು ಸರಿಪಡಿಸುವ ಕೈಚಳಕ ಅವನಲ್ಲಿದ್ದರೂ ಅವನಿಲ್ಲದೆ ಕೂಟ ನಡೆಯುತ್ತದೆ. ಇಲ್ಲಿ ಎಲ್ಲರೂ ಸಮಾನರೆಂಬ ಭಾಷಣವೂ ನಡೆಯುತ್ತದೆ. ಕರೆಯ ಮಾತಿನಲ್ಲಿ ಎಲ್ಲರೂ ಸೇರಿದ್ದು, ಕರೆಯ ಕಾಣಿಕೆಯಲ್ಲಿ ಕೆಲವರೇ ಸೇರುವಂತಿದ್ದರೆ ಆ ಕರೆ ಪ್ರಾಮಾಣಿಕವಾದದ್ದಲ್ಲ. ಒಂದು ಶಾಲೆಯ ಅಂಗಳ, ಒಂದು ತಪ್ಪಲೆ ಚಿತ್ರಾನ್ನ, ಒಂದು ಹಂಡೆ ಮಜ್ಜಿಗೆ ಇವುಗಳಿಂದಲೂ ಕೂಟ ನಡೆದೀತು.

ಆರನೆಯದಾಗಿ, ಕರೆಯದೆಯೇ ಕೂಟಕ್ಕೆ ಒಳಗಾಗುವವರು ಉಂಟು. ಅವರೇ ದಾರಿಯ ಬದಿಯ ಹಳ್ಳಿಯ ಜನರು. ಭಾನುವಾರದ ನಸುಕಿನಲ್ಲಿ ಐವತ್ತು ಇಂಜಿನುಗಳು ಊರ ನಡುವೆ ಆರ್ಭಟಿಸಿದಾಗ ತೊಟ್ಟಿಲಿನ ಕೂಸೂ ಹಾಸಿಗೆ ಹಿಡಿದ ಮುದುಕಿಯೂ ಬೆಚ್ಚಿಬೀಳುವರು. ೨೦೦೦ದ ಶಬ್ದಮಾಲಿನ್ಯದ ನಿಯಮಗಳು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗಿನ ಹೊತ್ತನ್ನು ರಾತ್ರಿಯೆಂದೇ ಎಣಿಸಿವೆ. ಸದ್ದಡಗಿಸುವ ಕೊಳವೆಯನ್ನು ಕಿತ್ತು ಸದ್ದು ಹೆಚ್ಚಿಸುವ ಕೊಳವೆಯನ್ನು ತೊಡಿಸಿದ ವಾಹನವನ್ನು ತಂಡಕ್ಕೆ ಸೇರಿಸಿಕೊಳ್ಳದಿರುವ ಹೊಣೆಯೂ ಕರೆದವನದೇ. ಹಳೆಯ ಜಾವಾದಂಥ ಎರಡು ಹೊಡೆತದ ಇಂಜಿನಿನ ಹೊಗೆಯನ್ನು ಪೂರ್ತಿಯಾಗಿ ಅಡಗಿಸಲು ಬಾರದು. ಎಣ್ಣೆಯನ್ನು ಅಳತೆಯಂತೆ ಬೆರಸಿ, ಸವಾರಿಯನ್ನು ಮಿತದಲ್ಲಿಟ್ಟು, ಉಪದ್ರವವನ್ನು ಕಡಮೆ ಮಾಡಬಹುದು.

ಇಷ್ಟನ್ನು ಕೇಳಿದವರು ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು, ಹೊಣೆಯನ್ನು ಇಷ್ಟು ದೊಡ್ಡದು ಮಾಡಿದರೆ ಕರೆಯಲು ಯಾರೂ ಮುಂದಾಗುವುದಿಲ್ಲ, ಇರುವ ಸ್ನೇಹವೂ ಕೆಡುವುದು ಎಂಬುದು. ಇದು ತೂಕವುಳ್ಳ ಮಾತು. ಕರೆಯುವವನು ಸಂಬಳ ಪಡೆಯುವವನಲ್ಲ. ತನ್ನ ರಜೆಯನ್ನೂ ಕೈಯ ಹಣವನ್ನೂ ವ್ಯಯಮಾಡಿ, ಕೊನೆಗೆ ಊಟದಲ್ಲಿ ಉಪ್ಪು ಕಡಮೆಯಾಯಿತೆಂಬ ದೂರನ್ನೂ ಕೇಳುವವನು. ಅವನನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಮೇಲೆ ಹೇಳಿದ ಕೆಲಸಗಳಲ್ಲಿ ಯಾವುದೂ ಒಬ್ಬ ಸಾಮಾನ್ಯನ ಶಕ್ತಿಗೆ ಮೀರಿದ್ದಲ್ಲ. ಹೆಚ್ಚಿನವು ಒಂದು ಕಾಗದ, ಒಂದು ವಿಚಾರಣೆ, ಒಂದು ಚಾಪೆಯಿಂದ ಆಗುವಂಥವು. ಹೊಣೆಯನ್ನು ಹತ್ತು ಮಂದಿ ಹಂಚಿಕೊಳ್ಳಲೂಬಹುದು. ಭಾರವಾಗಿರುವುದು ಕೆಲಸವಲ್ಲ, ಕಾಣದ ದೂರದಲ್ಲಿರುವವನನ್ನು ಮನಸ್ಸಿನಲ್ಲಿ ಕಾಣುವ ಶ್ರಮ.

ಎರಡನೆಯ ಆಕ್ಷೇಪವು ಇನ್ನೂ ಗಟ್ಟಿಯಾದದ್ದು: ಬರುವವರೇನು ಮಕ್ಕಳೇ? ಅಪಾಯವಿದೆಯೆಂದು ತಿಳಿದೇ ಹೊರಡುವ ಪ್ರಾಯಸ್ಥರನ್ನು ಕಾಪಾಡಲು ಹೋಗುವುದು ಅವರಿಗೆ ಅವಮಾನವಲ್ಲವೇ? ಇದಕ್ಕೆ ಜರ್ಮನಿ ದೇಶದ ಒಂದು ದೃಷ್ಟಾಂತದಿಂದ ಉತ್ತರ ಹೇಳಬಹುದು. ೧೯೫೬ರ ಚಳಿಗಾಲದಲ್ಲಿ ಅರ್ನ್‌ಸ್ಟ್ ಲೆವರ್‌ಕುಸ್ ಎಂಬ ಲೇಖಕನು, ಆನೆಯೆಂದು ಅಡ್ಡಹೆಸರು ಪಡೆದಿದ್ದ ತ್ಸುಂಡಾಪ್ ಮೋಟಾರು ಸೈಕಲ್ಲುಗಳ ಸವಾರರನ್ನು ಸ್ಟುಟ್‌ಗಾರ್ಟಿನ ಬಳಿ ಕೂಟಕ್ಕೆ ಕರೆದನು. ಬಂದವರು ಕೆಲವರೇ, ಕ್ರಮೇಣ ಅದು ಸಾವಿರಾರು ಮಂದಿ ಹಿಮದ ನಡುವೆ ಡೇರೆ ಹಾಕಿ ತಂಗುವ ಆನೆಗಳ ಕೂಟವಾಗಿ ಬೆಳೆಯಿತು. ಅಲ್ಲಿ ಕಷ್ಟವಿಲ್ಲವೇ? ಬೇಕಾದಷ್ಟಿದೆ. ಆದರೆ ಅದು ಚಳಿಗಾಲದ ಕೂಟವೆಂಬುದನ್ನು ಯಾರೂ ಬಚ್ಚಿಟ್ಟಿಲ್ಲ. ಬರುವವನು ಹಿಮವನ್ನು ಅಪೇಕ್ಷಿಸಿಯೇ, ಅದಕ್ಕೆ ತಕ್ಕ ಉಡುಪನ್ನು ತೊಟ್ಟೇ ಬರುತ್ತಾನೆ. ಬಯಸಿ ಪಡೆದ ಕಷ್ಟ ಬೇರೆ, ಕರೆದವನ ಅಲಕ್ಷ್ಯದಿಂದ ಮೈಮೇಲೆ ಬಿದ್ದ ಕಷ್ಟ ಬೇರೆ. ಪ್ರಾಯಸ್ಥನನ್ನು ಗೌರವಿಸುವ ಬಗೆಯೆಂದರೆ ಅವನಿಗೆ ನಿಜವನ್ನೆಲ್ಲ ಹೇಳಿ ನಿರ್ಣಯವನ್ನು ಅವನಿಗೆ ಬಿಡುವುದು. ದಾರಿ ಹೀಗಿದೆ, ನಿಷೇಧ ಇಂಥಲ್ಲಿದೆ, ಮಳೆಯ ಸಂಭವವಿದೆ, ರಾತ್ರಿ ಬರಬೇಡಿರಿ, ಬಂದರೆ ತಂಗಲು ಇಲ್ಲಿ ಸ್ಥಳವಿದೆ, ಸಮೀಪದ ಆಸ್ಪತ್ರೆ ಇದು ಎಂದು ತಿಳಿಸಿದಮೇಲೆ, ನಿಮ್ಮ ಹೊಣೆ ನಿಮ್ಮದು ಎಂಬ ವಾಕ್ಯವನ್ನು ಬರೆದರೆ ಅದು ನ್ಯಾಯವಾದ ಮಾತಾಗುತ್ತದೆ. ಏನನ್ನೂ ತಿಳಿಸದೆ ಅದೊಂದನ್ನೇ ಬರೆದರೆ ಅದು ಕೈತೊಳೆದುಕೊಳ್ಳುವ ಉಪಾಯ ಮಾತ್ರ.

ಈ ವಿಚಾರದ ತಿರುಳು ಇಷ್ಟು. ಹೊಣೆಯನ್ನು ನಾವು ಆಸ್ತಿಯಂತೆ ಭಾವಿಸಿದ್ದೇವೆ. ಒಬ್ಬನ ಪಾಲು ಹೆಚ್ಚಿದರೆ ಇನ್ನೊಬ್ಬನ ಪಾಲು ಕಡಮೆಯಾಗುವುದೆಂದು ಲೆಕ್ಕ ಹಾಕುತ್ತೇವೆ. ಆದಕಾರಣವೇ ಅಪಘಾತವಾದ ಕೂಡಲೆ ತಪ್ಪು ಅವನದೋ ಇವನದೋ ಎಂಬ ವ್ಯಾಜ್ಯ ಹುಟ್ಟುವುದು. ಆದರೆ ಮಗುವಿನ ಹೊಣೆ ತಾಯಿಗೆ ಪೂರ್ಣವಾಗಿರುವುದರಿಂದ ತಂದೆಗೆ ಇಲ್ಲವೆಂದಾಗುವುದಿಲ್ಲ. ಇಬ್ಬರಿಗೂ ಅದು ಪೂರ್ಣವೇ. ಹಾಗೆಯೇ ಸವಾರನು ತನ್ನ ಪ್ರಾಣಕ್ಕೆ ತಾನೇ ಪೂರ್ಣವಾಗಿ ಹೊಣೆಗಾರನು. ಕರೆದವನು ತಾನು ಗೊತ್ತುಮಾಡಿದ ಗಂಟೆಗೆ, ದಾರಿಗೆ, ನಡೆಗೆ, ಮರ್ಯಾದೆಗೆ ಪೂರ್ಣವಾಗಿ ಹೊಣೆಗಾರನು. ಒಬ್ಬನು ತನ್ನದನ್ನು ಮರೆತನೆಂಬ ಕಾರಣಕ್ಕೆ ಇನ್ನೊಬ್ಬನದು ಹಗುರವಾಗದು.

ಅತಿಥಿಯನ್ನು ಊರ ಬಾಗಿಲಿನವರೆಗೆ ಕಳುಹಿಸಿಬರುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಮೋಟಾರು ಸೈಕಲ್ಲಿನವರ ಕೂಟದಲ್ಲಿಯೂ ಅದು ಸಲ್ಲತಕ್ಕದ್ದೇ. ಊಟವಾಗಿ, ಚಿತ್ರಗಳನ್ನು ತೆಗೆದು, ಎಲ್ಲರೂ ಚದುರಿದಮೇಲೆ ಕರೆದವನ ಕೆಲಸ ಮುಗಿಯಿತೆಂದು ತೋರುವುದು ಸಹಜ. ವಾಸ್ತವದಲ್ಲಿ ಬಂದವರ ಹೆಸರುಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಒಬ್ಬೊಬ್ಬನೂ ಊರು ಸೇರಿದ ಸುದ್ದಿ ಬಂದಂತೆಲ್ಲ ಗುರುತು ಹಾಕಿ, ಕೊನೆಯ ಹೆಸರಿನ ಮುಂದೆಯೂ ಗುರುತು ಬಿದ್ದಮೇಲೆ ಅವನು ನಿಶ್ಚಿಂತೆಯಿಂದ ಮಲಗಬಹುದು. ಹೀಗೆ ಕರೆಯುವವರು ಪೀಣ್ಯದಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಹೆಚ್ಚಲಿ. ಅಂಥವರು ಕರೆದರೆ ತಾಯಿತಂದೆಗಳು ಮಕ್ಕಳನ್ನು ಧೈರ್ಯವಾಗಿ ಕಳುಹಿಸಿಕೊಡಬಹುದು.